ಅಮೆರಿಕದ ಕ್ಯಾಮೆರಾದಲ್ಲಿ ಹಸಿರು ಸೀರೆ

"ನನಗೆ ಗೊತ್ತಿಲ್ಲ" ಎನ್ನುವುದು ಈ ವಯಸ್ಸಿನಲ್ಲೂ ನನ್ನ ನಾಲಿಗೆಗೆ ಒಗ್ಗಿಲ್ಲ. ರಾಯಚೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದು ಬೆನ್ನು ನೆಟ್ಟಗಿಟ್ಟು ಮಾತಾಡುವುದನ್ನು ಮಾತ್ರ. ಏನೂ ತಿಳಿಯದಾಗ "ಆಫ್ ಕೋರ್ಸ್" ಎನ್ನುವುದು ನನ್ನದೇ ಸಂಶೋಧನೆ. ಅದರಿಂದ ಬಹಳ ಕಡೆ ಬಚಾವಾಗಿದ್ದೇನೆ. ವಿಡಿಯೋ ಕ್ಯಾಮೆರಾದ ಅಂಗಡಿಯಲ್ಲಿ ಆಗಲಿಲ್ಲ.

ಶಿಕ್ಷಕರ ತರಬೇತಿಗೆಂದು ಮೂರು ತಿಂಗಳು ಅಮೆರಿಕಕ್ಕೆ ಹೋಗಿದ್ದೆ. ಬರುವಾಗ ಕ್ಯಾಮೆರಾ ಕೊಂಡೆ. ಅಂಗಡಿಯಾತ ಪಾಪ, ಸಜ್ಜನ. "ಮೇಡಂ, ಇದು ನಿಮ್ಮ ದೇಶದ ಟಿವಿಗೆ ಹೊಂದುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ನನಗೆ ಸ್ವಾಭಿಮಾನ ಉಕ್ಕಿತು. ನಮ್ಮನ್ನು ಏನೆಂದುಕೊಂಡಿದ್ದಾನೆ ಈತ? "ಆಫ್ ಕೋರ್ಸ್! ನಮ್ಮಲ್ಲಿರುವುದು ಕಲರ್ ಟಿವಿ, ಮಿಸ್ಟರ್," ಎಂದೆ. ಆತ ಕ್ಯಾಮೆರಾ ಕಟ್ಟಿಕೊಟ್ಟ.

ಊರಿಗೆ ಬಂದ ವಾರದಲ್ಲೇ ತಂಗಿ ಶಾಂತಾಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಮಾಡುವ ಸಂಭ್ರಮ. ಅದು ನಡೆದದ್ದು ಮಾನ್ವಿ ತಾಲ್ಲೂಕಿನ ಮಲ್ಲಟದ ನಮ್ಮ ತವರುಮನೆಯಲ್ಲಿ. ಶಾಂತಾಳ ಅತ್ತೆ ಹುಲಿಗೆಮ್ಮ ದೇವದುರ್ಗದ ಕಡೆಯ ಮಸರಕಲ್ಲಿನವರು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು, ಬರುವಂತಿರಲಿಲ್ಲ. ಬಂಗಾರದ ಬಣ್ಣದ ಅಂಚಿನ ಹಸಿರು ಸೀರೆಯೊಂದನ್ನು ಕಳಿಸಿ, "ನಂದ ಉಡಸ್ರಿ" ಎಂದು ಹೇಳಿಸಿದ್ದರು. ಈ ಮಾತಿಗೊಂದು ಹಿನ್ನೆಲೆಯಿತ್ತು. ಮದುವೆಯಲ್ಲಿ ಅವರು ಕೊಟ್ಟ ಸೀರೆಯನ್ನು ನನ್ನ ತಂಗಿ ಬಣ್ಣ ಸೇರಲಿಲ್ಲವೆಂದು ಟ್ರಂಕಿಗೆ ಹಾಕಿದ್ದಳು. ಆ ಸುದ್ದಿ ಮಸರಕಲ್ಲಿಗೆ ಮುಟ್ಟಿತ್ತು. ಈ ಸಲ ಅವರ ಸೀರೆ ಉಟ್ಟದ್ದನ್ನು ಅವರ ಕಣ್ಣಿಗೇ ತೋರಿಸಿದರೆ ಅತ್ತೆ ಸೊಸೆಯ ನಡುವಿನ ಮುನಿಸು ಕರಗುತ್ತದೆಂದು ನನ್ನ ಲೆಕ್ಕ. "ಟಿವಿಯಾಗ ಬಣ್ಣ ಬಣ್ಣ ತೋರಸ್ತೀನ್ರಿ" ಎಂದು ಹೇಳಿ ಕಳಿಸಿಬಿಟ್ಟೆ.

ಕುಬಸವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು, ನಾನಿರುವ ರಾಯಚೂರಿಗೆ ಮರಳಿ ಟಿವಿಗೆ ಜೋಡಿಸಿ ನೋಡಿದರೆ, ದೇವರೇ! ಶಾಂತಾ ಕಪ್ಪು ಬಿಳುಪಿನಲ್ಲಿ ಕುಳಿತಿದ್ದಾಳೆ. ಕುಳಿತಲ್ಲಿಂದಲೇ ಲಿಫ್ಟಿನಲ್ಲಿ ಹೋದಂತೆ ಮೇಲೇರುತ್ತಾಳೆ, ಮತ್ತೆ ಕೆಳಗಿನಿಂದ ಹುಟ್ಟಿ ಬರುತ್ತಾಳೆ. ಆರತಿ ತಟ್ಟೆ ಅವಳ ಹಿಂದೆಯೇ ಓಡುತ್ತಿದೆ.

ಟಿವಿ ರಿಪೇರಿಯ ಚಾಚಾ ಬಂದು ನೋಡಿ ನಕ್ಕರು. "ಟಿವಿದೇನೂ ಕಸೂರ್ ಇಲ್ರೀ ಟೀಚರಮ್ಮಾ. ನಮ್ಮ ಟಿವಿ ಪಾಲ್ ಅನ್ನೂ ಪದ್ಧತಿದು. ಅಮೆರಿಕಾದ್ದು ಎನ್‌ಟಿಎಸ್‌ಸಿ. ಅವರು ಬಣ್ಣ ಕಳಸೂ ಪದ್ಧತಿನ ಬ್ಯಾರೆ ಅದ."

ನಮ್ಮ ತರಕಾರಿಯಾಕೆ ಒಂದೇ ಬುಟ್ಟಿಯ ಮುಂದೆ ಕೂತು ಒಬ್ಬರಿಗೆ ತೆಲುಗಿನಲ್ಲಿ, ಒಬ್ಬರಿಗೆ ದಖ್ಖನಿಯಲ್ಲಿ, ನನಗೆ ಕನ್ನಡದಲ್ಲಿ ಬದನೆಕಾಯಿ ಹೊಗಳುತ್ತಾಳೆ. ಅಷ್ಟು ದೊಡ್ಡ ಟಿವಿಗೆ ಎರಡನೆಯದೊಂದು ಪದ್ಧತಿ ಕಲಿಯಲಾಗಲಿಲ್ಲವೇ ಎಂದು ನನಗೆ ಸಿಟ್ಟು.

ಕ್ಯಾಮೆರಾದ ಮಗ್ಗುಲಲ್ಲೇ ಬಾಗಿಲಿನಂತೆ ತೆರೆಯುವ, ಅಂಗೈಯಗಲದ ಪರದೆಯೊಂದಿತ್ತು. ಅದರಲ್ಲಿ ಮಾತ್ರ ಶಾಂತಾ ಹಚ್ಚಹಸಿರಾಗಿ ನಗುತ್ತಿದ್ದಳು. ಸರಿ, ಚಾರ್ಜರಿನ ಅಮೆರಿಕದ ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿನಲ್ಲಿ ನಿಲ್ಲಲೆಂದು ಬೆಂಕಿಕಡ್ಡಿ ಸಿಕ್ಕಿಸಿ ಬ್ಯಾಟರಿ ಚಾರ್ಜ್ ಮಾಡಿಕೊಂಡು, ಚಾರ್ಜರನ್ನು ಮೇಜಿನ ಮೇಲೇ ಮರೆತು, ಮಸರಕಲ್ಲಿಗೆ ಬಸ್ ಹತ್ತಿದೆ.

ಅಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಮಂಚದ ಮೇಲೆ ಕಾಲು ಚಾಚಿ ಕುಳಿತ ಹುಲಿಗೆಮ್ಮನ ಕೈಗೆ ಕ್ಯಾಮೆರಾ ಕೊಡಹೋದರೆ, "ಬಂದವ್ರು ಮೊದಲ ನೋಡ್ಲಿ. ನಾ ಮನಿಯಾಕಿ, ಆಮ್ಯಾಲ" ಎಂದುಬಿಟ್ಟರು.

"ಅಯ್ಯ, ಶಾಂತಾ ಬೆರಳಷ್ಟ ಅದಾಳ! ತವರಾಗ ಉಣ್ಣಾಕ ಹಾಕಿಲ್ಲೇನ್ರಿ?"

"ಸರಿ ಬೇ ಆಕಡಿ, ನಿನ್ನ ತೆಲಿ ಅಡ್ಡ ಬರಾಕತ್ತದ!"

"ಸೀರಿ ಹಸರ ಅದ ನೋಡ್ರಿ, ಗಿಣಿ ಹಂಗ!"

ಒಬ್ಬೊಬ್ಬರೂ ಎರಡೆರಡು ಸಲ ನೋಡಿದರು. ಬ್ಯಾಟರಿ ಮುಗಿಯುತ್ತಿದೆ ಎನ್ನುವ ಕೆಂಪು ಚುಕ್ಕೆ ಮಿಟುಕತೊಡಗಿತು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ. ಕೊನೆಗೆ ಹುಲಿಗೆಮ್ಮನ ಸರದಿ ಬಂತು. ಕ್ಯಾಮೆರಾ ಕೈಗೆ ತಗೊಂಡು, ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು.

"ಹೂಂ, ನಮ್ಮ ಸೀರಿನ," ಎಂದರು ಓಣಿಗೆಲ್ಲ ಕೇಳುವಂತೆ. "ಎಷ್ಟ ಚಂದ ಉಟ್ಟಾಳ ನನ್ನ ಸೊಸಿ!"

ನನಗೆ ಹಾರಾಡುವಷ್ಟು ಖುಷಿ. ಮಂದಿ ಚದುರಿದ ಮೇಲೆ ಅವರು ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿದರು. "ಅಕ್ಕೋರ, ನಿಮ್ಮ ಪೆಟ್ಟಿಗಿ ನನ್ನ ಕೈಗಿ ಬರೂದ್ರಾಗ ಆರಿ ಹೋಗಿತ್ತು."

"ಯವ್ವಾ! ಮತ್ತ ನಮ್ಮ ಸೀರಿನ ಅಂದ್ರಲ್ಲ?"

"ಓಣಿ ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗಬಾರದಲ್ಲ. ಈಗ ಖರೇ ಹೇಳ್ರಿ, ನಂದ ಉಟ್ಟಿದ್ಲಾ?"

"ನಿಮ್ಮದ, ಯವ್ವಾ. ನಿರಗಿ ನಾನ ಹಿಡದೀನಿ."

ಹುಲಿಗೆಮ್ಮ ಈಗಿಲ್ಲ. ಅವತ್ತು ಅವರು ನಕ್ಕ ನಗೆಗೆ ಪ್ಲಾಸ್ಟರಿನ ಕಾಲೂ ಮಂಚದ ಮೇಲೆ ಕುಣಿದದ್ದು ಇನ್ನೂ ಕಣ್ಣ ಮುಂದಿದೆ.

"ಇಷ್ಟ ಬಾಯಿಲೆ ಹೇಳಿದ್ರ ನಂಬತಿದ್ನಲ್ರೀ ಅಕ್ಕೋರ," ಎಂದರು. "ಅದಕ್ಕ ಅಮೆರಿಕಾಕ್ಕ ಯಾಕ ಹೋಗಿದ್ರಿ?"