ಬಸುರಿಯರಿಗೆ ‘ಬ್ಯಾಡ’ ಕಲಿಸುವ ಅನಸೂಯಮ್ಮ

ಬೆಳಗಿನ ಆರೂಕಾಲು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮಗ್ಗಗಳು ಇನ್ನೂ ಎದ್ದಿಲ್ಲ. ಶಾಂತಮೂರ್ತಿಯವರ ಮಗ್ಗದ ಮನೆಯ ಪಡಸಾಲೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅನಸೂಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲಕ್ಕೆ ಜಮಖಾನೆ ಹಾಸುತ್ತಿದ್ದಾರೆ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು, ಒಂದೊಂದು ಕುರ್ಚಿಯ ಮೇಲೂ ಬೂರುಗದ ಹತ್ತಿ ತುಂಬಿದ ಎರಡೆರಡು ದಿಂಬು. ಬಾಗಿಲ ಬಳಿ ಒಂದು ಡಬ್ಬಿ ಕಡ್ಲೆಪುರಿ, ಒಂದು ಚಿಪ್ಪು ಬಾಳೆಹಣ್ಣು, ಬಿಂದಿಗೆ ತುಂಬ ನೀರು.

ಒಬ್ಬೊಬ್ಬರಾಗಿ ಹೆಂಗಸರು ಬರುತ್ತಾರೆ. ಕೆಲವರಿಗೆ ಹೊಟ್ಟೆ ಕಂಡೂ ಕಾಣದಂತಿದೆ. ಕೆಲವರು ಹೊಸಿಲು ದಾಟಲು ಬಾಗಿಲ ಚೌಕಟ್ಟು ಹಿಡಿಯುತ್ತಾರೆ. ಎಲ್ಲರಿಗೂ ಅನಸೂಯಮ್ಮನದು ಒಂದೇ ಪ್ರಶ್ನೆ: “ತಿಂದ್ಯಾ ಮಗಾ?”

ಇಲ್ಲವೆಂದವಳ ಕೈಗೆ ಬಾಳೆಹಣ್ಣು ಬೀಳುತ್ತದೆ. “ಹಸ್ಕಂಡು ಯೋಗ ಮಾಡೋದು ಬೇರೆಯೋರ್ಗೆ ಕಣವ್ವ. ಎರಡು ಜೀವದೋಳ ಒಟ್ಟೇಲಿ ಏನಾರಾ ಇರ್ಬೇಕು. ತಿಂದು ಅರ್ಧ ಗಂಟೆ ಕುಂತ್ಕೊ, ಆಮೇಲೆ ನೋಡಮ.”

ಐವತ್ನಾಲ್ಕರ ಅನಸೂಯಮ್ಮ ಈ ಬಡಾವಣೆಯ ಆಶಾ ಕಾರ್ಯಕರ್ತೆ. ಮನೆ ಮನೆ ಸುತ್ತಿ ಲಸಿಕೆಯ ದಿನ ನೆನಪಿಸುವುದು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವರ ನಿತ್ಯದ ಕೆಲಸ. ಇದು ಅದರಾಚೆಗಿನದು, ಯಾರೂ ಹೇಳದೆ ತಾವೇ ತಲೆ ಮೇಲೆ ಹೊತ್ತುಕೊಂಡದ್ದು. ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತೈದು ನಿಮಿಷ. ಈಗ ಬರುತ್ತಿರುವವರು ಹನ್ನೊಂದು ಮಂದಿ. ಒಂಬತ್ತು ವರ್ಷಗಳಲ್ಲಿ ಈ ಜಮಖಾನೆಯ ಮೇಲೆ ಕುಳಿತೆದ್ದವರು ಇನ್ನೂರ ಹದಿನಾಲ್ಕು.

ಆಸನಗಳಿಗೆ ಅವರದೇ ಹೆಸರುಗಳಿವೆ. ಅಂಗಾಲು ಜೋಡಿಸಿ ಮಂಡಿ ಆಡಿಸುವುದು ‘ಚಿಟ್ಟೆ’. ಅಂಗೈ, ಮಂಡಿ ಊರಿ ಬೆನ್ನು ಮೆಲ್ಲಗೆ ಏರಿಸಿ ಇಳಿಸುವುದು ‘ಬೆಕ್ಕು’. ಗೋಡೆಗೆ ಕೈಯಿಟ್ಟು ನಿಲ್ಲುವುದಕ್ಕೆ ‘ಗೋಡೆ ತಳ್ಳಾಟ’. ಕೊನೆಗೆ ಕಣ್ಣುಮುಚ್ಚಿ ಗುಂಯ್‌ಗುಡುವ ‘ದುಂಬಿ’. ಹನ್ನೊಂದು ಬಸುರಿಯರು ಒಟ್ಟಿಗೆ ಗುಂಯ್ ಎಂದಾಗ ಪಡಸಾಲೆಯ ತೊಲೆಗಳೂ ಸಣ್ಣಗೆ ದನಿಗೂಡಿಸುತ್ತವೆ. “ಮೊದಮೊದ್ಲು ಮನೇಲಿ ಎಜ್ಜೇನು ಕಟ್ಬುಡ್ತೋ ಏನೋ ಅನ್ಕಂಡು ತೊಲೆ ಮ್ಯಾಲೆ ಹುಡುಕಿದ್ದೆ” ಎಂದು ಶಾಂತಮೂರ್ತಿ ನಗುತ್ತಾರೆ. ಏಳೂವರೆಗೆ ಅವರ ಮಗ್ಗಗಳು ಶುರುವಾಗಬೇಕು. ಅಲ್ಲಿಯವರೆಗೆ ಜಾಗ ಅನಸೂಯಮ್ಮನದು.

ಆಸನ ಮಾಡುವಾಗ ಯಾರೂ ಸುಮ್ಮನಿರುವಂತಿಲ್ಲ. ಸಾರಿಗೆ ಏನು ಹಾಕಿದೆ, ಗಂಡ ಏನೆಂದ, ಎಲ್ಲವನ್ನೂ ಹೇಳುತ್ತಲೇ ಇರಬೇಕು. ಹರಟೆಯ ಹಿಂದೆ ಲೆಕ್ಕಾಚಾರವಿದೆ. “ಮಾತಾಡ್ತಾ ಮಾಡಕಾದ್ರೆ ಅದು ಯೋಗ. ಮಾತು ಕಟ್ತು ಅಂದ್ರೆ ಮೈಗೆ ಜಾಸ್ತಿ ಆಯ್ತು ಅಂತ. ಅಲ್ಲೇ ನಿಲ್ಸು ಅಂತೀನಿ” ಎನ್ನುತ್ತಾರೆ ಅನಸೂಯಮ್ಮ.

ಅನಸೂಯಮ್ಮ ಹುಟ್ಟಿದ್ದು ಹನೂರು ಕಡೆಯ ಬಂಡಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ. ಹತ್ತೊಂಬತ್ತಕ್ಕೆ ಕೊಳ್ಳೇಗಾಲದ ನೇಕಾರ ಹೊನ್ನಯ್ಯನವರ ಕೈಹಿಡಿದು ಬಂದರು. ಹೊಲದಲ್ಲಿ ಓಡಾಡಿದ ಕಾಲುಗಳು ಗುಂಡಿಮಗ್ಗದೊಳಗೆ ಇಳಿಬಿದ್ದವು. ಮೊದಲ ಬಸುರಿನಲ್ಲಿ ನೋವು ಕಾಣಿಸಿಕೊಂಡ ದಿನದವರೆಗೂ ಅವರು ರೇಷ್ಮೆ ನೇಯ್ದರು. ಮಗ್ಗದಿಂದ ಎದ್ದರೆ ಅತ್ತೆಯ ಕಟ್ಟುಪಾಡುಗಳು: ಕೈ ಮೇಲೆತ್ತಬೇಡ, ಬಗ್ಗಬೇಡ, ಹೆಚ್ಚು ನಡೆಯಬೇಡ. ಹೆರಿಗೆಯೇನೋ ಆಯಿತು. ಹಿಡಿದುಕೊಂಡ ಸೊಂಟ ಮಾತ್ರ ಒಂದು ವರ್ಷ ಬಿಡಲಿಲ್ಲ. ಹೆತ್ತ ಮಗುವನ್ನು ನೆಲದಿಂದ ಎತ್ತಿಕೊಳ್ಳಲು ಇನ್ನೊಬ್ಬರನ್ನು ಕೂಗಬೇಕಿತ್ತು.

“ಕೂಸು ಅಳ್ತಿರೋದು, ನಾನು ನೋಡ್ತಾ ಕುಂತಿರೋಳು. ಸೊಂಟ ಬಗ್ತಿರ್ಲಿಲ್ಲ. ಆ ಸಂಕಟ ಯಾರ್ಗೂ ಬ್ಯಾಡ ಅನ್ನುಸ್ತು.”

ಆಶಾ ಕಾರ್ಯಕರ್ತೆಯಾದ ಕೆಲವು ವರ್ಷಗಳಲ್ಲಿ ಕೊಳ್ಳೇಗಾಲದಲ್ಲಿ ಮೂರು ತಿಂಗಳ ಯೋಗ ಶಿಬಿರ ನಡೆಯಿತು. ಕಲಿಸಿದವರು ಶಿವಕುಮಾರಸ್ವಾಮಿ ಎಂಬ ನಿವೃತ್ತ ಮೇಷ್ಟ್ರು. ಉಳಿದವರೆಲ್ಲ ಹೊಸ ಹೊಸ ಆಸನ ಕೇಳುತ್ತಿದ್ದರೆ, ಹಿಂದಿನ ಸಾಲಿನ ಅನಸೂಯಮ್ಮ ಕೈಯೆತ್ತಿ ಕೇಳಿದ್ದು ಬೇರೆಯೇ: “ಬಸುರಿಯರು ಯಾವ್ದು ಮಾಡ್ಬಾರ್ದು, ಅದ ಮೊದ್ಲು ಏಳಿ ಸಾ.” ಮೇಷ್ಟ್ರು ತಮಗೆ ತಿಳಿದಷ್ಟು ಹೇಳಿ, ಮಿಕ್ಕದ್ದನ್ನು ಡಾಕ್ಟರ ಬಳಿಯೇ ಕೇಳಬೇಕೆಂದರು. ಅನಸೂಯಮ್ಮ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಅಂಜನಾ ಅವರ ಎದುರು ಹೋಗಿ ಕುಳಿತರು. ಅಲ್ಲಿ ಬರೆದುಕೊಂಡ ಎರಡು ಪುಟಗಳೇ ಇಂದಿಗೂ ಅವರ ಪಾಠದ ಬುನಾದಿ. ಹೊಟ್ಟೆ ಮೇಲೆ ಮಲಗುವುದು ಬ್ಯಾಡ. ಉಸಿರು ಕಟ್ಟುವುದು ಬ್ಯಾಡ, ರಭಸದ ಉಸಿರಾಟವೂ ಬ್ಯಾಡ. ನೆಗೆಯುವುದು, ಹೊಟ್ಟೆ ಹಿಂಡುವಂತೆ ತಿರುಚುವುದು ಬ್ಯಾಡ. ನಾಲ್ಕು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿ ಮಾಡುವುದು ಬ್ಯಾಡ, ಎಡಮಗ್ಗುಲಾಗು. ಡಾಕ್ಟರು ಸರಿ ಎನ್ನದೆ ಒಂದನ್ನೂ ಮಾಡುವುದು ಬ್ಯಾಡ.

ತರಗತಿಯ ಮೊದಲ ದಿನ ಬಂದದ್ದು ಒಬ್ಬಳೇ ಹುಡುಗಿ. ಎರಡನೇ ದಿನ ಅವಳೂ ಇಲ್ಲ, ಅತ್ತೆ ಬಿಡಲಿಲ್ಲವಂತೆ. ಅನಸೂಯಮ್ಮ ಜಗಳಕ್ಕೆ ಹೋಗಲಿಲ್ಲ. ಅತ್ತೆಯರೂ ಜೊತೆಗೆ ಬರಬೇಕು, ಬಂದು ನೋಡಬೇಕು ಎಂದು ಕಟ್ಟಳೆ ಮಾಡಿಬಿಟ್ಟರು. ಕುರ್ಚಿ ತರಿಸಿದ್ದು ಅವರಿಗಾಗಿ. ಸೊಸೆ ಬಿದ್ದಾಳೆಂದು ಕಾಯಲು ಬಂದ ಅತ್ತೆಯರು ವಾರದೊಳಗೆ ಕೂತಲ್ಲೇ ಭುಜ ತಿರುಗಿಸತೊಡಗಿದರು. ಈಗ ಸೊಸೆಗೆ ಹೆರಿಗೆಯಾಗಿ ಬಾಣಂತನ ಮುಗಿದರೂ ಇಬ್ಬರು ಅತ್ತೆಯರು ಮಂಡಿನೋವಿನ ನೆಪ ಹೇಳಿ ಬರುತ್ತಲೇ ಇದ್ದಾರೆ.

ಆ ಇಬ್ಬರಲ್ಲಿ ಮಾದೇವಮ್ಮ ಒಬ್ಬರು. ಅವರಿಗೂ ಅನಸೂಯಮ್ಮನಿಗೂ ಒಮ್ಮೆ ಬೀದಿಯೇ ನಿಂತು ನೋಡುವಂಥ ಜಟಾಪಟಿ ನಡೆದಿತ್ತು.

ಕಳೆದ ಕಾರ್ತಿಕದ ಒಂದು ಸೋಮವಾರ. ಮಾದೇವಮ್ಮನ ಸೊಸೆ ಲಿಖಿತಾಳಿಗೆ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಅಂದು ಹನ್ನೊಂದು ಗಂಟೆಗೆ ಸೀಮಂತ. ತವರಿನವರು ಯಳಂದೂರಿನಿಂದ ಹೊರಟಾಗಿತ್ತು. ಅಡುಗೆಯವರು ಒಲೆ ಹೂಡಿದ್ದರು. ಆದರೂ ಲಿಖಿತಾ ಬೆಳಗ್ಗೆಯೇ ಒಬ್ಬಳೇ ಪಡಸಾಲೆಗೆ ಬಂದಳು. ರಾತ್ರಿಯಿಂದ ತಲೆ ಸಿಡಿಯುತ್ತಿದೆ, ‘ದುಂಬಿ’ ಮಾಡಿದರೆ ಹಗುರಾದೀತು ಎಂಬುದು ಅವಳ ಲೆಕ್ಕ.

ಅನಸೂಯಮ್ಮ ಅವಳ ಮುಖ ನೋಡಿದರು. ರೆಪ್ಪೆಗಳು ಊದಿದ್ದವು. ಕೈ ಹಿಡಿದರು. ಉಂಗುರ ಬೆರಳಿನೊಳಗೆ ಹೂತುಹೋಗಿತ್ತು.

“ಕಣ್ಣು ಮಂಜಾಯ್ತದಾ?”

“ಅವಾಗವಾಗ ಮಿಣುಕು ಮಿಣುಕು ಅಂತದೆ ಅಕ್ಕಾ. ಕೆಲ್ಸ ಜಾಸ್ತಿ ಆಯ್ತಲ್ಲ, ಅದ್ಕೆ.”

“ಇವತ್ತು ನಿಂಗೆ ಯೋಗ ಬ್ಯಾಡ. ಸೀಮಂತನೂ ಬ್ಯಾಡ. ಚಪ್ಪಲಿ ಮೆಟ್ಕೊ, ಆಸ್ಪತ್ರೆಗೆ ಓಗಮ.”

ಉಳಿದವರಿಗೆ ಅಂದಿನ ತರಗತಿ ಇಲ್ಲವೆಂದು ಹೇಳಿ, ಅದೇ ಬೀದಿಯ ಆಟೋ ಚಾಲಕ ಸ್ವಾಮಿಯನ್ನು ಕರೆಸಿದರು. ಸುದ್ದಿ ತಿಳಿದ ಮಾದೇವಮ್ಮ ಅರ್ಧ ಹೆಣೆದ ಜಡೆಯಲ್ಲೇ ಓಡಿಬಂದು ಆಟೋಗೆ ಅಡ್ಡ ನಿಂತರು.

“ನೆಂಟ್ರೆಲ್ಲ ಬತ್ತಾವ್ರೆ, ನೂರು ಜನಕ್ಕೆ ಅಡ್ಗೆ ಆಯ್ತಾ ಅದೆ. ಬಸುರಿಗೆ ತಲೆನೋವು ಬರಲ್ವಾ, ಕಾಲು ಊದಲ್ವಾ? ಮದ್ಯಾನ ಮುಗುಸ್ಕಂಡು ಕರ್ಕಂಡೋಗು!”

“ಅಕ್ಕಯ್ಯ, ಸೀಮಂತ ನಾಳೆನೂ ಮಾಡ್ಬೌದು, ನಾಡಿದ್ದೂ ಮಾಡ್ಬೌದು. ನಾನ್ ಏಳಿದ್ದು ಸುಳ್ಳಾದ್ರೆ ಆ ನೂರು ಜನದ ಎಲೇನೂ ನಾನೇ ಎತ್ತೀನಿ. ಈಗ ದಾರಿ ಬುಡು.”

ಮಾದೇವಮ್ಮ ದಾರಿ ಬಿಡಲಿಲ್ಲ, ಆಟೋದೊಳಗೇ ಹತ್ತಿ ಕುಳಿತರು. ದಾರಿಯುದ್ದಕ್ಕೂ ಬೈದರು. ಅನಸೂಯಮ್ಮ ಲಿಖಿತಾಳನ್ನು ಎಡಕ್ಕೆ ಒರಗಿಸಿಕೊಂಡು ಕುಳಿತಿದ್ದರು. ತಪ್ಪಾಗಿದ್ದರೆ ಈ ಬೀದಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ತಮ್ಮ ಅನುಮಾನ ತಪ್ಪಾಗಿರಲಿ ಎಂದೇ ಅವರು ಮಲೆ ಮಾದಪ್ಪನಿಗೆ ಕೈಮುಗಿಯುತ್ತಿದ್ದರು.

ಆಸ್ಪತ್ರೆಯಲ್ಲಿ ರಕ್ತದೊತ್ತಡ ನೂರ ಎಪ್ಪತ್ತು ದಾಟಿತ್ತು. ಹತ್ತು ದಿನದ ಹಿಂದೆ ತಾಯಿ ಕಾರ್ಡಿನಲ್ಲಿ ಬರೆದದ್ದು ನೂರ ಇಪ್ಪತ್ತು. ಡಾಕ್ಟರ್ ಅಂಜನಾ ಆಗಲೇ ಔಷಧಿ ಶುರುಮಾಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಅಪಾಯವಾಗಬಹುದಿತ್ತು ಎಂದರು. ಮಾದೇವಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಅನಸೂಯಮ್ಮನ ಪಕ್ಕ ಕುಳಿತರು. ಅವರ ಕೈಯನ್ನು ಸಂಜೆಯವರೆಗೂ ಬಿಡಲಿಲ್ಲ.

ಮೂರನೇ ದಿನ ಲಿಖಿತಾಳ ಒತ್ತಡ ಹತೋಟಿಗೆ ಬಂತು. ಡಾಕ್ಟರರನ್ನು ಕೇಳಿಕೊಂಡು ಮಾದೇವಮ್ಮ ಒಂದು ಬುಟ್ಟಿ ಬಳೆ ತಂದರು. ಡ್ರಿಪ್ ಹಾಕಿದ ಕೈ ಬಿಟ್ಟು ಇನ್ನೊಂದು ಕೈಗೆ ಹಸಿರು ಬಳೆ ತೊಡಿಸಿದರು. ಆರತಿ ಇಲ್ಲ, ಓಲಗ ಇಲ್ಲ. ಪಕ್ಕದ ಹಾಸಿಗೆಯ ಬಸುರಿಯೊಬ್ಬಳು ಆಸೆಗಣ್ಣಿನಿಂದ ನೋಡುವುದು ಕಂಡು ಅವಳಿಗೂ ತೊಡಿಸಿದರು. ಆಮೇಲೆ ಅವಳಾಚೆಯವಳಿಗೆ. ಬುಟ್ಟಿ ಬರಿದಾಗುವ ಹೊತ್ತಿಗೆ ವಾರ್ಡಿನ ಏಳು ಮಂದಿಯ ಕೈಯಲ್ಲೂ ಹಸಿರು ಬಳೆ ಗಲಗಲ ಎನ್ನುತ್ತಿತ್ತು. ಎರಡು ವಾರ ಕಳೆದು ಡಾಕ್ಟರು ಆಪರೇಷನ್ ಮಾಡಿ ಹೆಣ್ಣುಮಗುವನ್ನು ಹೊರತೆಗೆದರು. ಎರಡು ಕೆ.ಜಿ. ನೂರು ಗ್ರಾಂ ಇದ್ದ ಆ ಕೂಸಿಗೆ ಈಗ ಏಳು ತಿಂಗಳು. ಎರಡು ಹಲ್ಲು ಮೂಡಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ.

“ಯೋಗ ಮಾಡುದ್ರೆ ಸುಖವಾಗಿ ಹೆರಿಗೆ ಆಯ್ತದಾ ಅಂತ ಎಲ್ರೂ ಕೇಳ್ತಾರೆ. ಅಂಗಂತ ನಾನು ಯಾರ್ಗೂ ಮಾತು ಕೊಡಲ್ಲ. ಸೊಂಟ ಹಗುರಾಯ್ತದೆ, ನಿದ್ದೆ ಬತ್ತದೆ, ಭಯ ಕಮ್ಮಿ ಆಯ್ತದೆ, ಅಷ್ಟೇಯ” ಎನ್ನುತ್ತಾರೆ ಅನಸೂಯಮ್ಮ. “ವಾರಕ್ಕೆ ಮೂರು ಸಲ ಒಬ್ಬಳ ಮುಖ ನೋಡ್ತಿದ್ರೆ, ಯಾವತ್ತು ಆ ಮುಖ ಸರಿ ಇಲ್ಲ ಅಂತ ಗೊತ್ತಾಗ್ಬುಡ್ತದೆ.”

ಹದಿನೈದು ದಿನಕ್ಕೊಂದು ಭಾನುವಾರ ಅವರು ಬಸ್ಸು ಹತ್ತಿ ತವರು ಬಂಡಳ್ಳಿಗೆ ಹೋಗುತ್ತಾರೆ. ಅಲ್ಲಿ ತರಗತಿಗೆ ಬರುವವರು ಕೂಲಿಗೆ ಹೋಗುವ ಬಸುರಿಯರು. ವಾರವೆಲ್ಲ ಕಳೆ ಕಿತ್ತು ಬಂದವರಿಗೆ ಅನಸೂಯಮ್ಮನ ಪಾಠವೇ ಬೇರೆ. “ನಿಮ್ಗೆ ಬಗ್ಗೋದು ಕಲ್ಸಕೆ ನಾನ್ಯಾರು? ಒರಗೋದು ಕಲ್ಸ್ತೀನಿ ಬನ್ನಿ” ಎಂದು ಅಣ್ಣನ ಮನೆಯ ಜಗಲಿಯ ಮೇಲೆ ಸಾಲಾಗಿ ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬು ಇಡುತ್ತಾರೆ. ಉಸಿರನ್ನು ನಿಧಾನಕ್ಕೆ ಬಿಡಿ ಎನ್ನುವಷ್ಟರಲ್ಲಿ ಅರ್ಧ ಮಂದಿ ಗೊರಕೆ ಹೊಡೆಯುತ್ತಿರುತ್ತಾರೆ. ಅನಸೂಯಮ್ಮ ಎಬ್ಬಿಸುವುದಿಲ್ಲ. ನೊಣ ಓಡಿಸುತ್ತ ಪಕ್ಕದಲ್ಲಿ ಕುಳಿತಿರುತ್ತಾರೆ.

ಈ ಜೂನಿನಲ್ಲಿ ಯಳಂದೂರಿನ ಆಶಾ ಕಾರ್ಯಕರ್ತೆಯರು ಅವರನ್ನು ಕರೆಸಿಕೊಂಡರು. ತಮ್ಮೂರಲ್ಲೂ ಇಂಥದೊಂದು ತರಗತಿ ಶುರುಮಾಡುವ ಆಸೆ ಅವರಿಗೆ. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲದ ಅನಸೂಯಮ್ಮ ಎರಡು ಪುಟದ ‘ಬ್ಯಾಡ’ಗಳನ್ನು ಓದಿ, ಬೆವರು ಒರೆಸಿಕೊಂಡು ಕುಳಿತರು. ಕಲಿಯುವ ಉಮೇದಿನ ಮಾಲಿನಿ ಎಂಬ ಹೊಸ ಕಾರ್ಯಕರ್ತೆ ಎದ್ದು ನಿಂತು ಕೇಳಿದಳು: “ಅಮ್ಮಾ, ಇಷ್ಟು ವರ್ಷ ಯೋಗ ಮಾಡ್ಸಿದ್ದೀರಿ. ನಿಮ್ಗೆ ಶೀರ್ಷಾಸನ ಬತ್ತದಾ?”

ಸಭೆ ಕಿಸಕ್ಕೆಂದಿತು. ಅನಸೂಯಮ್ಮನೂ ನಕ್ಕರು.

“ಇಲ್ಲ ಕಣ್ ಮಗಾ, ಒಂದ್ ದಿನಾನೂ ಮಾಡಿಲ್ಲ. ದಿನ ತುಂಬ್ದಾಗ ಒಟ್ಟೆ ಒಳ್ಗಿರೋ ಕೂಸೇ ತಲೆಕೆಳ್ಗಾಗಿ ನಿಂತ್ಕತದಲ್ಲ, ಅದ್ಕೆ ಯಾರ್ ಕಲ್ಸುದ್ರು? ಅದ್ರ ಪಾಡಿಗೆ ಅದು ಕಲ್ತ್ಕತದೆ. ಅವ್ವ ಗಾಬ್ರಿ ಇಲ್ದೆ ಉಸಿರಾಡ್ಕಂಡಿರ್ಲಿ ಅಂತ ನೋಡ್ಕಳದಷ್ಟೇ ನನ್ ಕೆಲ್ಸ.”