ಸಮತಟ್ಟಿನ ಊರಿನಿಂದ ಬೆಟ್ಟಕ್ಕೆ

ಕೊಲ್ಕತ್ತದ ನೆಲದ ಮೇಲೆ ಗೋಲಿಯೊಂದನ್ನು ಇಟ್ಟರೆ ಅದು ಯಾವ ಕಡೆಗೆ ಉರುಳಬೇಕೆಂದು ತೋಚದೆ ನಿಂತಲ್ಲೇ ಧ್ಯಾನಸ್ಥವಾಗುತ್ತದೆ. ಅಷ್ಟು ಸಮತಟ್ಟು ಈ ಊರು. ಇಲ್ಲಿನ ಬೆಹಾಲಾ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ನನಗೆ ಏರು ಎಂದರೆ ಮೆಟ್ರೊ ನಿಲ್ದಾಣದ ಮೆಟ್ಟಿಲು, ಇಳಿಜಾರು ಎಂದರೆ ಫ್ಲೈಓವರಿನ ಬೆನ್ನು. ಮೈಸೂರಿನಲ್ಲಿದ್ದಾಗ ಪರೀಕ್ಷೆಗೊಮ್ಮೆ, ಫಲಿತಾಂಶಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಓಡುತ್ತಾ ಹತ್ತುತ್ತಿದ್ದವನು ನಾನೇ ಎಂದರೆ, ನನ್ನ ಈಗಿನ ಉದರವೈಭವವನ್ನು ಕಂಡವರು ನಂಬುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ, ನನಗೇ ನಂಬಿಕೆಯಿಲ್ಲ.

ಕಳೆದ ವರ್ಷ ಎಸ್ಪ್ಲನೇಡಿನ ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನಿಗೆ ವೈದ್ಯರು ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಅಂದಿನಿಂದ ನಾನು ನನ್ನನ್ನೇ ಗಾಜಿನ ಭರಣಿಯಂತೆ ಎತ್ತಿ, ಇಳಿಸಿ, ಒರೆಸಿ ಕಾಪಾಡತೊಡಗಿದೆ. ಎಸ್ಕಲೇಟರ್ ನಿಂತಿದ್ದರೆ ಮೆಟ್ರೊ ಬಿಟ್ಟು ಬಸ್ಸು ಹಿಡಿಯುತ್ತಿದ್ದೆ. ತಿಂಗಳುಗಳು ಕಳೆದ ಮೇಲೆ ವೈದ್ಯರು, “ಹೃದಯ ಚೆನ್ನಾಗಿದೆ, ನಿಧಾನವಾಗಿ ಬೆಟ್ಟವನ್ನೂ ಹತ್ತಬಹುದು” ಎಂದರು. ಆ ಮಾತನ್ನು ನಾನು ಅಲಂಕಾರವೆಂದು ಭಾವಿಸಿದೆ. ನನ್ನ ಹೆಂಡತಿ ವಿಮಲಾ ಆದೇಶವೆಂದು ಭಾವಿಸಿದಳು.

“ಹತ್ತಬಹುದು ಅಂದ್ರಲ್ಲ, ಹತ್ತೋಣ,” ಎಂದವಳೇ ಹೌರಾದಿಂದ ಪುರುಲಿಯಾಕ್ಕೆ ಎರಡು ಟಿಕೆಟ್ ತೆಗೆಸಿದಳು.

ಹೀಗೆ ಒಂದು ಚಳಿಗಾಲದ ಬೆಳಿಗ್ಗೆ ನಾವಿಬ್ಬರೂ ಪುರುಲಿಯಾದ ಅಯೋಧ್ಯಾ ಬೆಟ್ಟದ ಬುಡದಲ್ಲಿದ್ದೆವು. ಸಾಲ್ ಮರಗಳ ನಡುವಿನ ಏರುದಾರಿ ಮೊದಲ ತಿರುವಿನಲ್ಲೇ ನನ್ನ ಉಸಿರನ್ನು ಕಸಿದುಕೊಂಡಿತು. ನಾನು ಪ್ರಕೃತಿಸೌಂದರ್ಯದ ನೆಪದಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು, ಹುಲ್ಲುಕಡ್ಡಿಯನ್ನೂ ಬಿಡದೆ ಹೊಗಳುತ್ತಾ, ಗುಟ್ಟಾಗಿ ಮಣಿಕಟ್ಟಿನ ನಾಡಿ ಎಣಿಸಿಕೊಳ್ಳುತ್ತಿದ್ದೆ. ತುರ್ಗಾ ಜಲಪಾತ ತಲುಪುವ ಹೊತ್ತಿಗೆ ಅಂಗಿ ಒದ್ದೆಯಾಗಿತ್ತು, ಜಲಪಾತದಿಂದಲ್ಲ. ಅಲ್ಲಿಂದ ಸ್ವಲ್ಪ ಮೇಲೆ, ಕಣಿವೆ ಕಾಣುವ ಬಂಡೆಯ ಮೇಲೆ ಕೂತು, ಒಂದು ಜಲಪಾತ ನೋಡಿದವನು ಎಲ್ಲ ಜಲಪಾತಗಳನ್ನೂ ನೋಡಿದಂತೆಯೇ ಸರಿ ಎಂಬ ಸಿದ್ಧಾಂತವನ್ನು ಮಂಡಿಸಿದೆ.

“ಅದನ್ನ ಬೆಹಾಲಾದಲ್ಲೇ ಹೇಳಿದ್ರೆ ಫೋಟೊ ತೋರಿಸಿ ಮುಗಿಸ್ತಿದ್ದೆ. ಏಳಿ,” ಎಂದಳು ವಿಮಲಾ.

ಎರಡನೆಯದು ಬಾಮ್ನಿ ಜಲಪಾತ. ಅದನ್ನು ಕಾಣಬೇಕಾದರೆ ಕಡಿದಾದ ಕಲ್ಲು ಮೆಟ್ಟಿಲುಗಳನ್ನು ಇಳಿದು ಕೊರಕಲಿನೊಳಕ್ಕೆ ಹೋಗಬೇಕು. ಇಳಿದೆವು, ತುಂತುರಿಗೆ ಮುಖವೊಡ್ಡಿ ನಿಂತೆವು. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕೆಂಬ ಸತ್ಯ ನನಗೆ ಹೊಳೆದದ್ದು ಆಮೇಲೆ. ಅರ್ಧ ಹತ್ತಿರಬೇಕು, ಮೆಟ್ಟಿಲೊಂದರ ಮೇಲೆ ಎಪ್ಪತ್ತರ ಆಸುಪಾಸಿನ ಬಂಗಾಳಿ ಹಿರಿಯರೊಬ್ಬರು ಎರಡೂ ಕೈಗಳಿಂದ ಕಂಬಿ ಹಿಡಿದು ಕೂತಿದ್ದರು. ಮುಖ ಬಿಳಿಚಿತ್ತು.

“ಎದೆ ನೋಯ್ತಿದೆಯಾ, ದಾದಾ?” ಎಂದು ಬಂಗಾಳಿಯಲ್ಲಿ ಕೇಳಿದೆ. ಬೇರೆಯವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಈಗ ಅದೇ.

“ಇಲ್ಲ ಇಲ್ಲ, ಬರೀ ಭಯ,” ಎಂದರು. ಹೆಸರು ಘೋಷಾಲ್, ಹೌರಾದ ಕಡೆಯ ನಿವೃತ್ತ ಶಿಕ್ಷಕರು. ಮಗ ಸೊಸೆ ಮೇಲೆ ಹೋಗಿ ಆಗಿತ್ತು. ತಾನು ಹಿಂದೆಯೇ ಬರುತ್ತೇನೆಂದು ಅವರನ್ನು ಕಳಿಸಿದ್ದು ಇವರ ಸ್ವಾಭಿಮಾನ. “ಕೆಳಗೆ ನೋಡಿದರೆ ತಲೆ ತಿರುಗುತ್ತೆ, ಮೇಲೆ ನೋಡಿದರೆ ಧೈರ್ಯ ಹೋಗುತ್ತೆ. ಎಲ್ಲಿ ನೋಡಲಿ ಹೇಳಿ.”

ಪ್ರಿಯ ಓದುಗರೇ, ನಾನು ಯಾವ ವಿದ್ಯೆಯಲ್ಲೂ ಪಾರಂಗತನಲ್ಲ, ಭಯವೊಂದನ್ನು ಬಿಟ್ಟು. ವರ್ಷವಿಡೀ ಅದರಲ್ಲಿ ಆಳವಾದ ವ್ಯಾಸಂಗ ಮಾಡಿದ್ದವನಿಗೆ ಉತ್ತರ ತಡವಾಗಲಿಲ್ಲ.

“ನನ್ನ ಬೂಟು ನೋಡಿ,” ಎಂದೆ.

ಅವರು ನಕ್ಕರು. ಆಮೇಲೆ ಎದ್ದರು. ನಾನು ಒಂದು ಮೆಟ್ಟಿಲು ಮುಂದೆ, ನನ್ನ ಬೆನ್ನಚೀಲದ ಪಟ್ಟಿ ಹಿಡಿದು ಅವರು ಹಿಂದೆ, ಅವರ ಹಿಂದೆ ವಿಮಲಾ. ಎಂಟು ಮೆಟ್ಟಿಲು, ವಿಶ್ರಾಂತಿ, ಮತ್ತೆ ಎಂಟು. ನಡುವೆ ಅವರು ಇಲಿಶ್ ಮೀನಿನ ಮಹಿಮೆಯನ್ನೂ ನಾನು ಬಿಸಿಬೇಳೆಬಾತಿನ ಮಹಿಮೆಯನ್ನೂ ವಿವರಿಸಿ, ಪರಸ್ಪರರ ಅಜ್ಞಾನಕ್ಕೆ ಮರುಗಿದೆವು. ಕೊನೆಯ ಮೆಟ್ಟಿಲಿನ ಮೇಲೆ ಮಗ ಗಾಬರಿಯಿಂದ ಎದುರು ಬಂದಾಗ ಘೋಷಾಲ್ ಬಾಬು ನನ್ನ ಕೈಯನ್ನು ಬಲವಾಗಿ ಅದುಮಿ, “ಗಟ್ಟಿ ಮನುಷ್ಯ ಇವರು,” ಎಂದು ಪರಿಚಯಿಸಿದರು.

ಈ ಬಿರುದನ್ನು ಕೇಳಿ ವಿಮಲಾ ಏನಾದರೂ ಚಟಾಕಿ ಹಾರಿಸುತ್ತಾಳೆಂದು ಅವಳತ್ತ ತಿರುಗಿದೆ. ಅವಳು ಕಣಿವೆಯ ಕಡೆಗೆ ಮುಖ ಮಾಡಿ ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು. ಆಸ್ಪತ್ರೆಯಲ್ಲೂ ನಾನು ಅವಳು ಅತ್ತದ್ದನ್ನು ಕಂಡಿರಲಿಲ್ಲ.

“ಏನಾಯ್ತೇ?” ಎಂದೆ.

“ಏನಿಲ್ಲ. ಬೆಳಗ್ಗೆಯಿಂದ ನಿಮ್ಮ ಹಿಂದೆ ಹಿಂದೇನೇ ಬರ್ತಿದೀನಿ. ಎಲ್ಲಾದ್ರೂ ಕುಸಿದು ಬಿದ್ರೆ ಹಿಡ್ಕೋಬೇಕಲ್ಲ ಅಂತ.”

ನನ್ನ ಅರ್ಧ ತೂಕವೂ ಇಲ್ಲದವಳು. ನಾನು ನಿಜವಾಗಿ ಬಿದ್ದಿದ್ದರೆ ಇಬ್ಬರೂ ಸೇರಿ ಬಾಮ್ನಿಗೆ ಇನ್ನೊಂದು ಧಾರೆಯಾಗುತ್ತಿದ್ದೆವು. ವರ್ಷದಿಂದ ಆ ಭಯ ನನ್ನೊಬ್ಬನ ಸ್ವತ್ತು ಎಂದೇ ನಾನು ತಿಳಿದಿದ್ದೆ. ಅದರ ಭಾರವಾದ ತುದಿಯನ್ನು ಹೊತ್ತು ಇವಳು ಸದ್ದಿಲ್ಲದೆ ನಡೆದಿದ್ದಳು. ಅವಳ ಪಕ್ಕಕ್ಕೆ ಹೋಗಿ ನಿಂತೆ. ಎದುರಿಗೆ ಹಸಿರು, ಅದರಾಚೆ ನೀಲಿ, ಅದರಾಚೆ ಹೆಸರಿಲ್ಲದ ಬಣ್ಣದ ಬಯಲು.

ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೂ ಮೇಲೆ ಮರಗಳ ನಡುವೆ ಕಾಣುತ್ತಿದ್ದ ಬಂಡೆಯೊಂದನ್ನು ತೋರಿಸಿದಳು.

“ಅಲ್ಲೀತನಕ ನಾನು ಮುಂದೆ ಹೋಗ್ಲಾ? ಬೆಳಗ್ಗೆಯಿಂದ ಬೆಟ್ಟಾನೇ ನೋಡಿಲ್ಲ, ನಿಮ್ಮ ಬೆನ್ನು ನೋಡಿದ್ದೇ ಆಯ್ತು.”

“ಹೋಗು,” ಎಂದೆ.

ಅವಳು ಸೆರಗು ಸಿಕ್ಕಿಸಿಕೊಂಡು, ಹುಡುಗಿಯಂತೆ ಬಿರಬಿರನೆ ಹತ್ತಿದಳು. ಬಂಡೆ ತಲುಪುವವರೆಗೂ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.