ನದಿ ದಾಟಿದ ಮೋಟಾರು

ನಮ್ಮೂರು ಯೋಶಿವಾರದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಮತ್ತೆ ಜೀವ ಕೊಡುವ ಹೆಂಗಸೆಂದರೆ ತೊಮೆ ಒಬ್ಬಳೇ. ನನ್ನ ಸೋಬಾ ಶಾವಿಗೆಯ ಅಂಗಡಿಯ ಪಕ್ಕದಲ್ಲೇ ಅವಳ ಶೆಡ್ಡು. ಯುದ್ಧಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಕಾಗದದ ಕಾರ್ಖಾನೆಯವರು ಅವಳಿಗೆ ಈ ಕೆಲಸ ಕಲಿಸಿದರು. ಗಂಡಸರು ವಾಪಸು ಬಂದ ವಾರವೇ ಅವಳನ್ನು ಹೊರಗೆ ಹಾಕಿದರು. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅವಳು ಮಾತ್ರ ಅಳುತ್ತ ಕೂರದೆ ಸ್ವಂತ ಬೋರ್ಡು ನೇತುಹಾಕಿದಳು.

ಅದಾದ ಮೇಲೆ ಒಂದು ಚಳಿಗಾಲದಲ್ಲಿ ತೋಫು ಅಂಗಡಿಯ ಯಸು ತನ್ನ ಸೊಸೆ ಮಿತ್ಸುವಿನ ಮೇಲೆ ಗೂಬೆ ಕೂರಿಸಿದಳು. ಮಿತ್ಸು ನದಿಯಾಚೆಯ ಶಿಮಿಜುವಿನವಳು. ತೋಫುವಿಗೆ ಬೇಕಾದ ಸೋಯಾ ಕಾಳು ಅರೆಯಲೆಂದು ತವರಿನವರು ಮದುವೆಗೆ ಹೊಸ ಮೋಟಾರನ್ನೇ ಕೊಟ್ಟಿದ್ದರು. ಕಿಮೊನೊ ಪೆಟ್ಟಿಗೆಯ ಪಕ್ಕದಲ್ಲಿಟ್ಟು ಅದನ್ನೂ ಊರಿಗೆಲ್ಲ ತೋರಿಸಿದ್ದರು. ಮೂರೇ ತಿಂಗಳಿಗೆ ಅದು ಸುಟ್ಟಿತು. ಸರಿಯಾಗಿ ನೆನೆಯದ ಕಾಳು ತುರುಕಿ ಸೊಸೆಯೇ ಸುಟ್ಟಳೆಂದು ಯಸು ಬೀದಿಗೆಲ್ಲ ಸಾರಿದಳು. ಅದನ್ನು ಅಂಗಡಿಯಲ್ಲಿ ಕೂಡಿಸಿದ್ದ ಮಿಸ್ತ್ರಿ ಓಬಾ ಹೌದೆಂದು ತಲೆಯಾಡಿಸಿದ. ತಿಂಗಳ ಕೊನೆಗೆ ಸೊಸೆಯನ್ನು ತವರಿಗೆ ಅಟ್ಟುವುದೆಂದು ತೀರ್ಮಾನವಾಯಿತು. ಗಂಡನೆನ್ನಿಸಿಕೊಂಡವನು ತುಟಿ ಬಿಚ್ಚಲಿಲ್ಲ.

ರಿಪೇರಿಗೆ ಬಂದ ಮೋಟಾರನ್ನು ತೊಮೆ ಬಿಚ್ಚಿದಳು. ಇದು ಒಂದು ದಿನ ಕಾಳು ಸಿಕ್ಕಿಕೊಂಡು ಸುಟ್ಟದ್ದಲ್ಲ, ದಿನವೂ ಬೆಂದು ಬೆಂದು ಸುಟ್ಟದ್ದು ಎಂದಳು. ನದಿಯಾಚೆ ವಿದ್ಯುತ್ತು ಸೆಕೆಂಡಿಗೆ ಅರವತ್ತು ಸಲ ಹೋಗಿಬರುತ್ತದೆ, ನಮ್ಮ ಕಡೆ ಐವತ್ತೇ ಸಲ. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಒಳಗಿನ ಕಬ್ಬಿಣ ಅಯಸ್ಕಾಂತವಾಗುತ್ತದೆ, ಮೋಟಾರು ತಿರುಗುವುದು ಅದರಿಂದಲೇ. ಅರವತ್ತಕ್ಕೆಂದು ಸುತ್ತಿದ ಸುರುಳಿಯನ್ನು ಐವತ್ತರ ವಿದ್ಯುತ್ತಿಗೆ ಜೋಡಿಸಿದರೆ ಅದು ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ತು ಎಳೆದುಕೊಂಡು ಕಾಯುತ್ತದೆ. ಇಷ್ಟು ಗೊತ್ತಿಲ್ಲದವನು ನಮ್ಮೂರಿನಲ್ಲಿ ಮಿಸ್ತ್ರಿಯೇ ಅಲ್ಲ.

ತೊಮೆ ಮೋಟಾರನ್ನು ಕೈಗಾಡಿಯಲ್ಲಿ ಹೇರಿಕೊಂಡು ನೇರ ತೋಫು ಅಂಗಡಿಗೆ ಹೋದಳು. ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ. ಓಬಾನನ್ನೂ ಕರೆಸಿ, ಎಲ್ಲರೆದುರು ಮೋಟಾರಿನ ಮೈಮೇಲೆ ವಿವರ ಕೆತ್ತಿದ ತಗಡು ಓದಿಸಿದಳು. ಅರವತ್ತು ಎಂದು ಅವನು ಗೊಣಗಿದ.

"ಕೂಡಿಸೋವಾಗ ಕಣ್ಣು ಕಾಣ್ಲಿಲ್ವಾ?"

"ಕಾಣ್ತು. ಮದ್ವೆ ಮನೇಲಿ ಅಪಶಕುನ ಯಾಕೆ ನುಡೀಲಿ ಅಂತ ಸುಮ್ನಾದೆ."

"ಈ ಹುಡುಗೀನ ಮನೆ ಬಿಟ್ಟು ಓಡಿಸ್ತಿದ್ರೂ ಸುಮ್ನಿದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಒಲೆಯ ಬಳಿಯಿದ್ದ ಮಿತ್ಸು ಆಗ ಮೆಲ್ಲಗೆ ಹೇಳಿದಳು, "ಇದು ನಮ್ಮೂರಿನ ಅರವತ್ತರ ಮೋಟಾರು ಅಂತ ನಾನು ಮೊದಲ್ನೇ ದಿನಾನೇ ಹೇಳಿದ್ದೆ. ಸೊಸೆಗ್ಯಾಕೆ ಮೋಟಾರಿನ ಉಸಾಬರಿ ಅಂದ್ರು ಅತ್ತೆ."

ಯಸು ತಪ್ಪಾಯಿತು ಎನ್ನಲಿಲ್ಲ. ಆಗಿದ್ದು ಆಯಿತು, ಸೊಸೆ ಇಲ್ಲೇ ಇರಲಿ, ಮೋಟಾರು ಬೇಗ ಬೇಕು, ಕಾಳು ನೆನೆಹಾಕಿದ್ದೇನೆ ಎಂದಳು. ದೊಡ್ಡ ಉಪಕಾರ ಮಾಡಿದವಳಂತೆ! ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.

ತೊಮೆ ಅವಳ ಕಡೆ ತಿರುಗಿಯೂ ನೋಡಲಿಲ್ಲ. "ಮೋಟಾರು ಮಿತ್ಸುದು, ಅವಳನ್ನೇ ಕೇಳ್ತೀನಿ. ಏನಮ್ಮ, ಸುತ್ತು ಜಾಸ್ತಿ ಹಾಕಿ ಐವತ್ತಕ್ಕೆ ಮಾಡ್ಕೊಡ್ಲಾ?"

ಮಿತ್ಸು ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು. ಅವನು ಪಕ್ಕದ ತೋಫು ತೊಟ್ಟಿಯೊಳಗೆ ಇಣುಕುತ್ತಿದ್ದ. ಅವಳು ಏಪ್ರನ್ನು ಬಿಚ್ಚಿ ಮಡಚಿಟ್ಟಳು.

"ಬೇಡ ಅಕ್ಕ, ಅರವತ್ತಕ್ಕೇ ಸುತ್ತಿ. ನನ್ ಜೊತೆ ಅದೂ ಶಿಮಿಜುಗೆ ವಾಪಸ್ ಬರುತ್ತೆ."